ಕೊಟ್ಟವರ ಪರವಾಗಿ

ತಾಯಿ, ಬೆಳಗಿನ ಕಾಫಿಗೆ ಅರ್ಧ ಗಂಟೆ ಮುಂಚೆ ನಾನು ನುಂಗುವ ಗುಳಿಗೆಯಲ್ಲಿ ನಿಜವಾದ ಔಷಧ ಇರುವುದು 50 ಮೈಕ್ರೋಗ್ರಾಂ. ಒಂದು ಗ್ರಾಮನ್ನು 20 ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಉಳಿದದ್ದೆಲ್ಲ ಗುಳಿಗೆ ಕೈಗೆ ಸಿಗಲೆಂದು ಬೆರೆಸಿದ ಪುಡಿ. ಅಷ್ಟು ಚೂರು ತಪ್ಪಿದರೆ ನಾನು ನಾನಾಗಿ ಉಳಿಯುವುದಿಲ್ಲ. ಬೇಸಿಗೆಯಲ್ಲೂ ಚಳಿ. ಮುಖ ಊದುತ್ತದೆ. ಮಲಬದ್ಧತೆ, ಮಂಕು, ಕಾರಣವಿಲ್ಲದ ಅಳು. ಮಗಳನ್ನು ಕೂಗಿ ಕರೆಯುತ್ತೇನೆ, ಅವಳು ಬಂದು ನಿಲ್ಲುವಷ್ಟರಲ್ಲಿ ಯಾಕೆ ಕರೆದೆ ಎಂಬುದು ಮರೆತಿರುತ್ತದೆ. ಗಂಟಲ ಬುಡದ ಥೈರಾಯ್ಡ್ ಎಂಬ ಒಂದು ಗ್ರಂಥಿ ಸೋತರೆ ಗುಂಡಿಗೆಯ ಬಡಿತ ನಿಧಾನವಾಗುತ್ತದೆ, ರಕ್ತದಲ್ಲಿ ಕೊಬ್ಬು ಏರುತ್ತದೆ, ಮುಟ್ಟು ದಾರಿ ತಪ್ಪುತ್ತದೆ. ನನ್ನ ಓದು, ನನ್ನ ಮಾತಿನ ಚುರುಕು, ನನ್ನ ಒಳ್ಳೆಯತನ ಎಂದು ನಾನು ಎಣಿಸಿಕೊಂಡದ್ದೆಲ್ಲ ಇಷ್ಟರ ಮೇಲೆ ನಿಂತಿದೆಯಲ್ಲ, ತಾಯಿ. ಹೀಗಿರುವಾಗ ಎಷ್ಟೆಂದು ಬೀಗಲಿ?

ಇಂದು ನಿನ್ನ ಮುಂದೆ ಕೂತಿರುವುದು ನನಗಾಗಿ ಬೇಡಲು ಅಲ್ಲ. ಅದನ್ನೂ ಬೇಡುತ್ತೇನೆ, ಕೊನೆಯಲ್ಲಿ. ಮೊದಲು ಕೊಟ್ಟವರನ್ನು ನೆನೆಯಬೇಕು. ಗುಳಿಗೆಯ ಪಟ್ಟಿಯ ಮೇಲೆ ಕಂಪನಿಯ ಹೆಸರಿದೆ, ಬೆಲೆಯಿದೆ, ಅವಧಿ ಮುಗಿಯುವ ತಿಂಗಳಿದೆ. ಅವರ ಹೆಸರಿಲ್ಲ. ನಿನಗೆ ಗೊತ್ತಿರಬೇಕು.

ಇಂಗ್ಲೆಂಡಿನ ನ್ಯೂಕಾಸಲ್ ಊರಿನಲ್ಲಿ 46 ವರ್ಷದ ಒಬ್ಬ ಹೆಂಗಸಿದ್ದಳು. ಥೈರಾಯ್ಡ್ ಬತ್ತಿಹೋಗಿ, ಮೈಯೆಲ್ಲ ಊದಿ, ಮಾತು ನಿಧಾನವಾಗಿ, ಮನೆಯಿಂದ ಹೊರಗೆ ಹೋಗಲು ಹಿಂಜರಿಯುತ್ತಿದ್ದಳು. 1891ರಲ್ಲಿ ಜಾರ್ಜ್ ಮರ್ರೆ ಎಂಬ ತರುಣ ವೈದ್ಯ ಕುರಿಯ ಥೈರಾಯ್ಡ್‌ನಿಂದ ತೆಗೆದ ರಸವನ್ನು ಅವಳ ಚರ್ಮದಡಿ ಚುಚ್ಚಿದ. ಹಾಗೆ ಮಾಡಿದವರು ಮುಂಚೆ ಇರಲಿಲ್ಲ. ಏನಾಗುತ್ತದೆಂದು ಅವನಿಗೂ ತಿಳಿಯದು, ಅವಳಿಗೂ ತಿಳಿಯದು. ಅವಳು ಒಪ್ಪಿದಳು. ಚೇತರಿಸಿಕೊಂಡಳು. ಮತ್ತೆ 28 ವರ್ಷ ಬಾಳಿ 74ರಲ್ಲಿ ತೀರಿಕೊಂಡಳು. ಅಷ್ಟು ವರ್ಷ ಅವಳನ್ನು ನಡೆಸಲು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತೆಂದು ಮರ್ರೆ ಆಮೇಲೆ ಲೆಕ್ಕ ಕೊಟ್ಟ. ನನ್ನ ಗುಳಿಗೆಯ ವಂಶಾವಳಿಯಲ್ಲಿ ಆ ಹೆಂಗಸಿದ್ದಾಳೆ. ಆ ಕುರಿಗಳೂ ಇವೆ. ಅವಳಿಗೂ ಅವಕ್ಕೂ ನಮಸ್ಕಾರ.

ನನಗೆ ಸಕ್ಕರೆ ಕಾಯಿಲೆಯೂ ಉಂಟು. ನೀನು ಒಂದಕ್ಕೇ ನಿಲ್ಲಿಸುವವಳಲ್ಲ. ರಾತ್ರಿ ಊಟಕ್ಕೆ ಮುಂಚೆ ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಸೂಜಿ ಚುಚ್ಚಿಕೊಳ್ಳುವಾಗ ಟೊರೊಂಟೊದ ಆ ಹುಡುಗನನ್ನು ನೆನೆಯುತ್ತೇನೆ. ಲಿಯೊನಾರ್ಡ್ ಥಾಮ್ಸನ್, 14 ವರ್ಷ. ಆ ಕಾಲದಲ್ಲಿ ಈ ರೋಗಕ್ಕೆ ಇದ್ದ ಒಂದೇ ಚಿಕಿತ್ಸೆ ಉಪವಾಸ. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. 1922ರ ಜನವರಿ 11ರಂದು ಅವನಿಗೆ ದನದ ಮೇದೋಜೀರಕದಿಂದ ತೆಗೆದ ರಸ ಚುಚ್ಚಿದರು. ಶುದ್ಧವಾಗಿರಲಿಲ್ಲ. ಚುಚ್ಚಿದ ಜಾಗ ಕೀವಾಯಿತು, ಗುಣ ಹೆಚ್ಚೇನೂ ಕಾಣಲಿಲ್ಲ. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ರಾತ್ರಿ ಹಗಲು ಕೂತು ರಸವನ್ನು ಸೋಸಿದ. 23ರಂದು ಮತ್ತೆ ಚುಚ್ಚಿದರು. ರಕ್ತದ ಸಕ್ಕರೆ ಇಳಿಯಿತು. ಹುಡುಗ ಮತ್ತೆ 13 ವರ್ಷ ಬದುಕಿದ. ಮೊದಲ ಸಲ ಕೀವು ತುಂಬಿಕೊಂಡ ಆ ಮೈಯೇ ಎರಡನೆಯ ಸಲಕ್ಕೂ ಒಪ್ಪಿತಲ್ಲ, ಆ ಒಪ್ಪಿಗೆ ಎಂಥದು, ತಾಯಿ! ಅವನ ತಂದೆತಾಯಿ ಆ ರಾತ್ರಿಗಳನ್ನು ಹೇಗೆ ಕಳೆದರೋ. ಇನ್ಸುಲಿನ್ ಕಂಡುಹಿಡಿದವರು ಬ್ಯಾಂಟಿಂಗ್, ಬೆಸ್ಟ್ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದೆವು. ಅವರ ಪ್ರಯೋಗಶಾಲೆಯಲ್ಲಿ ಸತ್ತ ನಾಯಿಗಳ ಮಾತನ್ನು ನಮ್ಮ ಮೇಷ್ಟ್ರು ಎತ್ತಲಿಲ್ಲ. ನಾನೀಗ ಎತ್ತುತ್ತಿದ್ದೇನೆ. ಅವುಗಳಿಗೂ ನಿನ್ನ ಬಳಿ ಜಾಗ ಇರಲಿ.

ಔಷಧ ಸಿಕ್ಕವರನ್ನು ನೆನೆಯುವುದು ಸುಲಭ. ಸಿಗದವರನ್ನು ಹೇಗೆ ನೆನೆಯಲಿ?

ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯ ಮಾತು. ಅಲ್ಲಿನ ಮಣ್ಣಿನಲ್ಲಿ ಅಯೋಡಿನ್ ಇಲ್ಲವೆನ್ನುವಷ್ಟು ಕಡಿಮೆ. ಮಣ್ಣಿನಲ್ಲಿ ಇಲ್ಲದ್ದು ಪೈರಿನಲ್ಲಿಲ್ಲ, ಪೈರಿನಲ್ಲಿ ಇಲ್ಲದ್ದು ಮೈಯಲ್ಲಿಲ್ಲ. ಅಯೋಡಿನ್ ಸಿಗದ ಥೈರಾಯ್ಡ್ ದುಡಿದು ದುಡಿದು ಊದುತ್ತದೆ, ಗಳಗಂಡವಾಗುತ್ತದೆ. ಬಸುರಿಗೆ ಅದು ಸಾಲದೆ ಬಂದರೆ ಹೊಟ್ಟೆಯೊಳಗಿನ ಕೂಸಿನ ಮಿದುಳಿಗೇ ಪೆಟ್ಟು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಯವರು ಕಣಿವೆಯನ್ನು ಮೂರು ಭಾಗ ಮಾಡಿದರು. ಎರಡು ಭಾಗಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಬರೀ ಉಪ್ಪು. ಆರು ವರ್ಷದಲ್ಲಿ ಆ ಎರಡು ಕಡೆ ಮಕ್ಕಳ ಕತ್ತಿನ ಊತ ಇಳಿದಿತ್ತು. ಬರೀ ಉಪ್ಪಿನ ಕಡೆ ಇದ್ದ ಹಾಗೇ ಇತ್ತು. ಆಮೇಲೆ ಅವರಿಗೂ ಅಯೋಡಿನ್ ಉಪ್ಪು ಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಇಂದು ನನ್ನ ಅಡುಗೆಮನೆಯ ಉಪ್ಪಿನ ಡಬ್ಬಿಯೊಳಗೆ ಅದೇ ಉಪ್ಪು.

ಆ ಮೂರನೆಯ ಭಾಗದವರನ್ನು ನಾನು ದಾಟಿ ಹೋಗಲಾರೆ. ಅವರು ಕಾದದ್ದರಿಂದ ಮಿಕ್ಕವರಿಗೆ ಗೊತ್ತಾಯಿತು. ಹೋಲಿಸಿ ನೋಡಲು ಒಬ್ಬರು ಹಾಗೇ ಉಳಿಯಬೇಕು ಎಂಬುದು ಸಂಶೋಧನೆಯ ನಿಯಮ. ಸರಿಯಾದ ನಿಯಮವೇ ಇರಬಹುದು, ಅದಿಲ್ಲದೆ ನಂಬಿಕೆಗೂ ನಿಜಕ್ಕೂ ಗೆರೆ ಎಳೆಯಲಾಗದು. ಆದರೂ ಆ ಆರು ವರ್ಷದಲ್ಲಿ ಆ ಕಡೆ ಬಸುರಾದವಳೊಬ್ಬಳು ಇದ್ದಿರಬೇಕಲ್ಲ. ಅವಳ ಕೂಸಿಗೆ ಕಿವಿ ಕೇಳಿಸಿತೋ ಇಲ್ಲವೋ. ನನ್ನ ಸಾರಿನ ಉಪ್ಪಿಗೆ ಅವಳ ಋಣ ಇದೆ. ತೀರಿಸುವ ದಾರಿ ನನಗೆ ಕಾಣದು. ನೀನು ತೀರಿಸು.

ಈಗ ನಮ್ಮೂರು ಮೈಸೂರಿಗೆ ಬರುತ್ತೇನೆ. ನೀನು ಬೆಟ್ಟದ ಮೇಲಿಂದ ನೋಡುತ್ತಿರುವ ಊರು. ಇಲ್ಲಿ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ನಮ್ಮ ಬಾಯಲ್ಲಿ ಅದು ಎಂದೂ ಮಿಷನ್ ಆಸ್ಪತ್ರೆ. ಅಲ್ಲಿನ ಪ್ರಾರ್ಥನೆಯಲ್ಲಿ ನಿನಗೆ ಬೇರೆ ಹೆಸರು, ನಿನಗೆ ಅದರಿಂದ ಬೇಸರವಿಲ್ಲವೆಂದು ಬಲ್ಲೆ. 1934ರಿಂದ ಆ ಆಸ್ಪತ್ರೆಯ ಹೆರಿಗೆ ಪುಸ್ತಕಗಳನ್ನು ಯಾರೂ ಗುಜರಿಗೆ ಹಾಕಿರಲಿಲ್ಲ. ಹುಟ್ಟಿದ ಮಗುವಿನ ತೂಕ ಪೌಂಡಿನಲ್ಲಿ, ಉದ್ದ, ತಲೆಯ ಸುತ್ತಳತೆ. ತಾಯಿಯ ತೂಕ. ನೋವಿನ ಕೂಗು, ಬಿಸಿನೀರು, ಓಡಾಟ ಇಷ್ಟರ ನಡುವೆ ಒಬ್ಬ ನರ್ಸಮ್ಮ ಕೂಸನ್ನು ತಕ್ಕಡಿಯಲ್ಲಿಟ್ಟು, ಮುಳ್ಳು ನಿಲ್ಲುವವರೆಗೆ ಕಾದು, ಶಾಯಿಯಲ್ಲಿ ಬರೆದಿದ್ದಾಳೆ. ಮುಂದೊಂದು ದಿನ ಇದನ್ನು ಯಾರೋ ಓದುತ್ತಾರೆಂದು ಅವಳಿಗೆ ಕನಸೂ ಬಿದ್ದಿರದು. ಅವಳ ಕೆಲಸ ಅಚ್ಚುಕಟ್ಟಾಗಿತ್ತು, ಅಷ್ಟೆ. ಅಚ್ಚುಕಟ್ಟಿಗಾಗಿಯೇ ಅಚ್ಚುಕಟ್ಟಾಗಿ ದುಡಿಯುವವರನ್ನು ಈ ಲೋಕಕ್ಕೆ ಇನ್ನಷ್ಟು ಕಳಿಸು, ತಾಯಿ. ಸಂಶೋಧಕರನ್ನು ನೀನು ಹೇಗೂ ಕಳಿಸುತ್ತಿರುತ್ತೀಯೆ.

ಅರವತ್ತು ವರ್ಷದ ಆಸುಪಾಸಿಗೆ ಆ ಪುಸ್ತಕಗಳು ಬಾಯಿಬಿಟ್ಟವು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡಾ. ಕ್ಯಾರೊಲಿನ್ ಫಾಲ್ ಮತ್ತು ಇಲ್ಲಿನವರು ಸೇರಿ ಮನೆಮನೆ ಸುತ್ತಿ, 1934ರಿಂದ 1954ರ ನಡುವೆ ಆ ಆಸ್ಪತ್ರೆಯಲ್ಲಿ ಹುಟ್ಟಿದವರನ್ನು ಹುಡುಕಿದರು. ಕೂದಲು ನರೆತ 517 ಮಂದಿ ತಾವು ಹುಟ್ಟಿದ ಆಸ್ಪತ್ರೆಯ ಪುಸ್ತಕಕ್ಕೆ ಮತ್ತೆ ಹೊಂದಿಕೊಂಡರು. ಐದೂವರೆ ಪೌಂಡು ಅಥವಾ ಅದಕ್ಕೂ ಕಡಿಮೆ ತೂಗಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಏಳು ಪೌಂಡು ಅಥವಾ ಅದಕ್ಕೂ ಮಿಗಿಲಾಗಿದ್ದವರಲ್ಲಿ ನೂರಕ್ಕೆ 3. 1996ರಲ್ಲಿ ಇದು ಅಚ್ಚಾಯಿತು. ಹುಟ್ಟಿದ ದಿನದ ತಕ್ಕಡಿಗೆ ಐವತ್ತರ ಎದೆನೋವು ಗೊತ್ತಿತ್ತು!

ಸಕ್ಕರೆ ಕಾಯಿಲೆಯೂ ಸಣ್ಣ ಕೂಸುಗಳಿಗೇ ಹೆಚ್ಚಾಗಿ ಬಂದಿರಬೇಕು ಎಂದು ಎಣಿಸಿದ್ದರು. ನೀನು ಅಷ್ಟು ಸಲೀಸಾಗಿ ಬಿಟ್ಟುಕೊಡಲಿಲ್ಲ. ಇಲ್ಲಿ ಕಂಡದ್ದೇ ಬೇರೆ. ಕುಳ್ಳಗೆ, ಉದ್ದಕ್ಕೆ ಮೀರಿ ದುಂಡಗೆ ಹುಟ್ಟಿದವರಲ್ಲಿ ಕಾಯಿಲೆ ಹೆಚ್ಚು. ಅವರ ತಾಯಂದಿರೂ ಮಿಕ್ಕವರಿಗಿಂತ ತೂಕದವರು. ಹಾಗಾದರೆ ಆ ತಾಯಂದಿರಿಗೆ ಬಸುರಿನಲ್ಲೇ ಸಕ್ಕರೆ ಏರಿತ್ತೇ? 1934ರಲ್ಲಿ ಯಾರು ನೋಡಿದ್ದರು! ಹಳೆಯ ಪುಸ್ತಕ ಇನ್ನು ಮುಂದಕ್ಕೆ ಹೇಳಲಾರದು. ಎಣಿಕೆ ಸುಳ್ಳಾದಾಗ ಅದನ್ನು ಮುಚ್ಚಿಡದೆ, ಹಾಗೇ ಬರೆದು ಹೊಸ ಪ್ರಶ್ನೆ ಕೇಳಿಕೊಂಡರಲ್ಲ, ಆ ಪ್ರಾಮಾಣಿಕತೆಗಾಗಿ ನಿನಗೆ ಶರಣು. ಅದು ಎಲ್ಲರಿಗೂ ದಕ್ಕುವ ಗುಣವಲ್ಲ.

ಹೊಸ ಪ್ರಶ್ನೆಗೆ ಹೊಸ ತಾಯಂದಿರು ಬೇಕಾದರು. ತೊಂಬತ್ತರ ದಶಕದ ಕೊನೆಯಲ್ಲಿ ಅದೇ ಆಸ್ಪತ್ರೆಗೆ ಬರುತ್ತಿದ್ದ ಬಸುರಿಯರನ್ನು ಕೇಳಿದರು. 785 ಹೆಂಗಸರು ಖಾಲಿ ಹೊಟ್ಟೆಯಲ್ಲಿ ಬಂದು ಕೂತರು. ಗ್ಲೂಕೋಸ್ ನೀರು ಎಂಥದೆಂದು ನನಗೆ ಗೊತ್ತು, ನಾನೂ ಬೇರೆಲ್ಲೋ ಕುಡಿದವಳು. ನಾಲಿಗೆಗೆ ಮೆತ್ತುವ ಸಿಹಿ, ಅರ್ಧ ಲೋಟಕ್ಕೇ ಹೊಟ್ಟೆ ತೊಳಸುತ್ತದೆ. ವಾಂತಿಯಾದರೆ ಇನ್ನೊಂದು ದಿನ ಮೊದಲಿಂದ. ಹಾಗಾಗಿ ಸೆರಗಿನ ಚುಂಗು ಬಾಯಿಗೊತ್ತಿ ಗೋಡೆ ಗಡಿಯಾರ ನೋಡುತ್ತ ಕೂರಬೇಕು. ಹೊಟ್ಟೆಯೊಳಗೆ ಕೂಸು ಒದೆಯುತ್ತಿರುತ್ತದೆ. ಮೊಣಕೈ ಮಡಿಕೆಯಲ್ಲಿ ಹತ್ತಿ ಒತ್ತಿ ಹಿಡಿದಿರುವಾಗಲೇ ಮತ್ತೊಂದು ಸಲ ರಕ್ತಕ್ಕೆ ಕರೆಯುತ್ತಾರೆ. ಅವರಲ್ಲಿ 49 ಮಂದಿಗೆ ಬಸುರಿನ ಸಕ್ಕರೆ ಕಾಯಿಲೆ ಇತ್ತು. ಹುಟ್ಟಿದ ಮಕ್ಕಳನ್ನು ಡಾ. ಕೃಷ್ಣವೇಣಿ ಮತ್ತು ಅವರ ತಂಡ ಬಿಡದೆ ಹಿಂಬಾಲಿಸಿದರು. ಐದನೆಯ ವರ್ಷಕ್ಕೇ, ಸಕ್ಕರೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬು ಹೆಚ್ಚು, ಇನ್ಸುಲಿನ್ ಮಟ್ಟ ಹೆಚ್ಚು. ಒಂಬತ್ತೂವರೆಯ ಹೊತ್ತಿಗೆ ಗಂಡುಮಕ್ಕಳಲ್ಲೂ ಮೈ ಇನ್ಸುಲಿನ್ನಿಗೆ ಸರಿಯಾಗಿ ಓಗೊಡದ ಲಕ್ಷಣ ಕಂಡಿತು.

ಇದರ ಒಳಗುಟ್ಟು ಓದಿದಾಗ ನನಗೆ ಕಣ್ಣು ತುಂಬಿತು, ತಾಯಿ. ನಿನ್ನ ಏರ್ಪಾಡು ಎಷ್ಟು ಅಕ್ಕರೆಯದು! ಬಸುರಿಯ ಮಾಸು ಕೆಲವು ಹಾರ್ಮೋನುಗಳನ್ನು ಸುರಿಸುತ್ತದೆ. ತಾಯಿಯ ಮೈ ಇನ್ಸುಲಿನ್ನಿನ ಮಾತು ಅಷ್ಟಾಗಿ ಕೇಳದ ಹಾಗೆ ಮಾಡುತ್ತದೆ. ಯಾಕೆಂದರೆ ಸಕ್ಕರೆ ಅವಳ ಸ್ನಾಯುವಿಗೆ ಹೋಗಿಬಿಡದೆ ರಕ್ತದಲ್ಲಿ ಉಳಿಯಲಿ, ಕೂಸಿಗೆ ಸಿಗಲಿ ಎಂದು. ತಾಯಿಯ ಮೇದೋಜೀರಕ ಇನ್ನಷ್ಟು ಇನ್ಸುಲಿನ್ ಸುರಿಸಿ ಹೇಗೋ ತೂಗಿಸುತ್ತದೆ. ಅದಕ್ಕೆ ಕಸುವಿಲ್ಲದವಳಲ್ಲಿ ಸಕ್ಕರೆ ಏರುತ್ತದೆ. ಮಾಸನ್ನು ಸಕ್ಕರೆ ದಾಟುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹೊರೆ ಬಂತು, ಹೊರುವ ಕೈ ಬರಲಿಲ್ಲ. ಆಗ ಇನ್ನೂ ಬೆಳಕು ಕಾಣದ ಕೂಸು ತನ್ನ ಪುಟ್ಟ ಗ್ರಂಥಿಯಿಂದ ತಾನೇ ಇನ್ಸುಲಿನ್ ಸುರಿಸಿ, ಬಂದ ಸಕ್ಕರೆಯನ್ನು ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ. ದುಂಡುದುಂಡಗೆ ಹುಟ್ಟುತ್ತದೆ. ನಾವು ದೃಷ್ಟಿ ತೆಗೆಯುತ್ತೇವೆ.

ಇಲ್ಲಿಗೆ ನನ್ನ ನಿಜವಾದ ಬಿನ್ನಹ. ಈ ತಿಳಿವಳಿಕೆ ಬೈಗುಳವಾಗದಿರಲಿ.

ಆಗಲೇ ಆಗುತ್ತಿದೆ. ನನಗೆ ಬಸುರಿನಲ್ಲಿ ಸಕ್ಕರೆ ಬಂದಾಗ ಮನೆಯವರು ಬಯಕೆಯ ಹೋಳಿಗೆಯನ್ನು ದೂರಿದರು. ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರು ತಲೆ ಎತ್ತದೆ, ‘ಬಾಯಿ ಕಟ್ಟಬೇಕಮ್ಮ’ ಅಂದರು. ನನ್ನ ಅತ್ತೆಯೂ ಪಾಪ ಅದನ್ನೇ ಅಂದರು. ಅವರ ಕಾಲದಲ್ಲಿ ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಯ ತಳಕ್ಕೆ ಹತ್ತಿದ್ದೇ ಊಟ, ಹಾಲು ಗಂಡುಮಕ್ಕಳಿಗೆ. ಬಾಯಿ ಕಟ್ಟುವುದೇ ಹೆಂಗಸಿನ ಔಷಧ ಎಂದು ಅವರಿಗೆ ಕಲಿಸಿಟ್ಟಿತ್ತು ಲೋಕ. ಅದೇ ಮೈಸೂರಿನ ಅಧ್ಯಯನದಲ್ಲಿ ನೂರಕ್ಕೆ 43 ಬಸುರಿಯರ ರಕ್ತದಲ್ಲಿ ಬಿ12 ಸಾಲದಿತ್ತು. ಹಾಗಿದ್ದವರಲ್ಲಿ ಮೈಯ ಕೊಬ್ಬು ಹೆಚ್ಚು, ಬಸುರಿನ ಸಕ್ಕರೆಯೂ ಹೆಚ್ಚು. ಬಿ12 ಹಾಲು ಮೊಸರು ಮೊಟ್ಟೆ ಮೀನು ಮಾಂಸದಲ್ಲಿ ಇರುವುದು, ಸೊಪ್ಪಿನಲ್ಲೂ ರಾಗಿಯಲ್ಲೂ ಇರುವುದಿಲ್ಲ. ಮೈ ದಪ್ಪವಿದ್ದರೂ ಒಳಗೆ ಬಡತನ ಇರಬಹುದು ಎಂದಾಯಿತಲ್ಲ. ಅವಳ ಬಾಯಿ ಕಟ್ಟಿಸಿ ಆಗುವುದೇನು? ಅವಳ ತಟ್ಟೆಗೆ ಸರಿಯಾದದ್ದನ್ನು ಬಡಿಸಬೇಕು. ತಾಯಿಯಿಂದ ಬಂತು ಎಂದು ಹೇಳುವ ಕಾಗದಗಳನ್ನು ಓದುವವರಿಗೆ, ಆ ತಾಯಿಗೆ ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿಯನ್ನೂ ಕೊಡು.

ತಾಯಂದಿರ ಮನಸ್ಸು ನಿನಗೆ ಹೇಳಬೇಕೇ? ಅಮೆರಿಕದಲ್ಲಿ ಡಿಇಎಸ್ ಎಂಬ ಕೃತಕ ಹಾರ್ಮೋನನ್ನು ಗರ್ಭ ನಿಲ್ಲಲೆಂದು ಬಸುರಿಯರಿಗೆ ಕೊಡುತ್ತಿದ್ದರು. 1953ರಲ್ಲಿ ಷಿಕಾಗೋದ ವೈದ್ಯರು ಸರಿಯಾಗಿ ಹೋಲಿಸಿ ನೋಡಿ, ಇದರಿಂದ ಪ್ರಯೋಜನವಿಲ್ಲ ಎಂದರು. ಕೇಳಬೇಕಾದವರು ಕೇಳಲಿಲ್ಲ, ಗುಳಿಗೆ ನಿಲ್ಲಲಿಲ್ಲ. ಆಮೇಲೆ ಬಾಸ್ಟನ್ನಿನಲ್ಲಿ ಎಳೆಯ ಹುಡುಗಿಯರಿಗೆ ಯೋನಿಯ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡಿತು. ಒಬ್ಬ ತಾಯಿ ವೈದ್ಯರನ್ನು ಕೇಳಿದಳು, ನಾನು ಬಸುರಿಯಿದ್ದಾಗ ನುಂಗಿದ ಆ ಗುಳಿಗೆಯಿಂದ ಆಗಿರಬಹುದೇ ಎಂದು. ವೈದ್ಯರು ಆ ಮಾತನ್ನು ತಳ್ಳಿಹಾಕದೆ ಬೆನ್ನು ಹತ್ತಿದರು. ಎಂಟು ಹುಡುಗಿಯರಲ್ಲಿ ಏಳು ಮಂದಿಯ ತಾಯಂದಿರು ಅದನ್ನು ನುಂಗಿದ್ದರು. 1971ರಲ್ಲಿ ಅದು ಬಯಲಾಯಿತು, ಅದೇ ವರ್ಷ ಬಸುರಿಯರಿಗೆ ಕೊಡಕೂಡದೆಂದು ಸರ್ಕಾರ ಎಚ್ಚರಿಸಿತು. ತನ್ನ ಮೇಲೇ ತಪ್ಪು ಬರಬಹುದಾದ ಪ್ರಶ್ನೆಯನ್ನು ಅವಳು ತಾನಾಗಿ ಕೇಳಿದಳಲ್ಲ, ತಾಯಿ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ತಿಳಿಯುತ್ತಿತ್ತು? ಎಷ್ಟೋ ಸಾವಿರ ಹೆಣ್ಣುಮಕ್ಕಳ ಹೊಟ್ಟೆ ತಣ್ಣಗಿರುವುದು ಆ ಒಂದು ಪ್ರಶ್ನೆಯಿಂದ. ಅವಳಿಗೆ ನಿದ್ದೆ ಬಂದಿರಲಿ. ಅವಳನ್ನು ನೀನಾದರೂ ದೂರಬೇಡ.

ಸಂಶೋಧಕರಿಗಾಗಿಯೂ ಒಂದಿಷ್ಟು ಬೇಡುತ್ತೇನೆ. ಅವರ ಫ್ರೀಜರಿಗೆ ಕರೆಂಟು ಹೋಗದಿರಲಿ. ಅನುದಾನ ಮೂರು ವರ್ಷಕ್ಕೆ ಬತ್ತದಿರಲಿ, ಮಗು ಬೆಳೆಯಲು ಮೂವತ್ತು ವರ್ಷ ಬೇಕು. ಒಪ್ಪಿಗೆ ಪತ್ರವನ್ನು ಹೆಬ್ಬೆಟ್ಟು ಒತ್ತುವವಳಿಗೆ ಅವಳ ಮಾತಿನಲ್ಲೇ ಓದಿ ಹೇಳುವ ತಾಳ್ಮೆ ಇರಲಿ. ಬೇಡ ಎಂದವಳ ಮೇಲೆ ಮುನಿಸು ಬೇಡ. ರಿಪೋರ್ಟು ಆಕೆಯ ಕೈಗೂ ಬರಲಿ, ಬರೀ ಪತ್ರಿಕೆಗೆ ಹೋಗಿ ಕೂರದಿರಲಿ. ಮನೆಮನೆ ಅಲೆಯುವ ಹುಡುಗಿಯರಿಗೆ ಯಾರಾದರೂ ಒಂದು ಲೋಟ ಮಜ್ಜಿಗೆ ಕೊಡಲಿ. ಸಕ್ಕರೆ ಕಣ್ಣಿಗೆ, ಮೂತ್ರಪಿಂಡಕ್ಕೆ, ಕಾಲಿನ ನರಕ್ಕೆ ಹೋಗುತ್ತದೆಂದು ಲೆಕ್ಕ ಹಾಕಿ ಹೇಳುವವರು, ಆ ಕಾಲು ಯಾರದೆಂದು ಮರೆಯದಿರಲಿ.

ಮೈಸೂರಿನ ಆ ಮಕ್ಕಳು ಈಗ ಇಪ್ಪತ್ತೈದು ದಾಟಿದ್ದಾರೆ. ಅವರಲ್ಲಿ ಹೆಣ್ಣುಮಕ್ಕಳು ತಾವೇ ತಾಯಂದಿರಾಗುವ ವಯಸ್ಸು. ಕೂಸಾಗಿದ್ದಾಗಿನಿಂದ ಅಳತೆ ಕೊಟ್ಟು ಕೊಟ್ಟು ದೊಡ್ಡವರಾದವರು. ಅವರ ಬಸುರಿಗೆ ಹಾಲು, ಮೊಟ್ಟೆ, ನಿದ್ದೆ, ನಡೆಯಲು ಒಂದು ನೆರಳಿನ ರಸ್ತೆ, ವೇಳೆಗೆ ಸರಿಯಾಗಿ ಒಂದು ರಕ್ತಪರೀಕ್ಷೆ ಸಿಗಲಿ. ಅವರಿಂದ ಪಡೆದದ್ದು ಮೊದಲು ಅವರಿಗೇ ತಲುಪಲಿ.

ಇನ್ನು ನನ್ನದು. ನನ್ನ ಮಗಳಿಗೆ ಏಳನೆಯ ತಿಂಗಳು. ಮುಂದಿನ ವಾರ ಅವಳೂ ಆ ಗ್ಲೂಕೋಸ್ ನೀರು ಕುಡಿಯಬೇಕು. ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲಿಸು. ಸಕ್ಕರೆ ಎಷ್ಟಾದರೂ ಬರಲಿ, ಅದಕ್ಕೆ ಊಟ ಇದೆ, ನಡಿಗೆ ಇದೆ, ಬೇಕಾದರೆ ಇನ್ಸುಲಿನ್ ಇದೆ, ನನ್ನ ತಾಯಿಗೆ ಇಲ್ಲದ್ದೆಲ್ಲ ಇದೆ. ಅದಕ್ಕಾಗಿ ನಿನ್ನ ಪಾದ ಹಿಡಿಯುತ್ತೇನೆ. ಆದರೆ ಬೀಗರ ಮನೆಯಲ್ಲಿ ಯಾರಾದರೂ ‘ಅಮ್ಮನಿಂದ ಬಂದದ್ದು’ ಎಂದು ರಾಗ ಎಳೆದರೆ ನಾನು ಸುಮ್ಮನಿರುವವಳಲ್ಲ. ಆಗ ನನಗೆ ತಾಳ್ಮೆ ಕೊಡಲು ಓಡಿ ಬರಬೇಡ, ತಾಯಿ. ಸ್ವಲ್ಪ ತಡವಾಗಿ ಬಾ.